ರೇಷ್ಮೆಸೀಮೆಯ ಹಿತ್ತಿಲಲ್ಲಿ ಬೇವಿನ ಮದ್ದು

ಬೈರಮಂಗಲ: ಬೆಂಡೆ, ಬದನೆ, ದಾಸವಾಳಗಳಿಗೆ ಮುತ್ತುವ ಹೇನು, ಬಿಳಿನೊಣ, ಹಿಟ್ಟುತಿಗಣೆಗಳಿಗೆ ಬೇವಿನ ಬೀಜದ ಕಷಾಯ ಹಳೆಯ ಮದ್ದು. 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಸಾಬೂನು ಬೆರೆಸಬೇಕು. (ವೃಷಭಾವತಿಯು ಬೆಂಗಳೂರಿನ ಕೊಳಚೆ ತಂದು ಸುರಿಯುವ ಇಲ್ಲಿನ ಕೆರೆಯ ನೀರು ಇದಕ್ಕೆ ಸಲ್ಲದು.) ಇದರಲ್ಲಿನ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ನಾಶವಾಗುವುದರಿಂದ ಸಂಜೆ, ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸುವುದು ಸೂಕ್ತ. ಕೀಟಗಳು ತಕ್ಷಣ ಸಾಯುವುದಿಲ್ಲ. ಅವು ಮೇವು ಬಿಡುತ್ತವೆ, ಪೊರೆ ಕಳಚಲಾರದೆ ನಶಿಸುತ್ತವೆ.

ತೊಡಕಿರುವುದೂ ಇಲ್ಲಿಯೇ. ರೇಷ್ಮೆಹುಳುವೂ ಕೀಟವೇ; ನಾಲ್ಕು ಬಾರಿ ಪೊರೆ ಕಳಚಿದ ಮೇಲಷ್ಟೇ ಅದು ಗೂಡು ಕಟ್ಟುತ್ತದೆ. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯಲ್ಲಿ ಹಿತ್ತಿಲ ಬೇಲಿಯಾಚೆ ಹಿಪ್ಪುನೇರಳೆ ತೋಟವಿದ್ದರೆ, ಗಾಳಿಗೆ ತೂರಿದ ಹನಿ ನೆರೆಯವರ ಹುಳುಗಳಿಗೆ ಕುತ್ತಾದೀತು. ತಂಬಾಕಿನ ಕಷಾಯವಂತೂ ಬೇಡವೇ ಬೇಡ. ಅದರ ನಿಕೋಟಿನ್ ರೇಷ್ಮೆಹುಳುವಿಗೆ ಮಾರಕ, ಸಿಂಪಡಿಸುವವರಿಗೂ ವಿಷ.

ಹಾಗೆಂದು ಹಿಟ್ಟುತಿಗಣೆಯನ್ನು ಬಿಡುವಂತೆಯೂ ಇಲ್ಲ. ದಾಸವಾಳದ ಗುಲಾಬಿ ಹಿಟ್ಟುತಿಗಣೆಯೇ ಹಿಪ್ಪುನೇರಳೆಯ ಕುಡಿಗಳನ್ನು ಮುರುಟಿಸುವ ‘ತುಕ್ರಾ’ಕ್ಕೂ ಕಾರಣ. ಅಂತಹ ಕಡೆ ಸಿಂಪಡಣೆಯ ಬದಲು, ಬಾಧಿತ ಕುಡಿಗಳನ್ನು ಚಿವುಟಿ ಸುಡುವುದು ಲೇಸು.