ಚಾಪ್ಪದಿಂದ ಕಂಟೇನರಿನವರೆಗೆ: ಕೊಚ್ಚಿ ಬಂದರಿನ ಕೂಲಿಕಾರರ ಕಥೆ

ಎರ್ನಾಕುಳಂನಿಂದ ವೆಂಡುರುತ್ತಿ ಸೇತುವೆ ದಾಟಿ ವಿಲ್ಲಿಂಗ್ಡನ್ ಐಲ್ಯಾಂಡಿಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಊರಿನಿಂದ ನೆಂಟರು ಬಂದರೆ ಹಡಗು ತೋರಿಸಲು ಕರೆದೊಯ್ಯುವುದೂ ಅಲ್ಲಿಗೇ. ಆ ನೆಲದ ಬಹುಪಾಲು ಮನುಷ್ಯರೇ ಮಾಡಿದ್ದು ಎಂದರೆ ಅವರು ಸುಲಭಕ್ಕೆ ನಂಬುವುದಿಲ್ಲ. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರು ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕಡಿಸಿ, ಹಿನ್ನೀರಿನ ತಳದಿಂದ ತೋಡಿದ ಹೂಳನ್ನು ಸುರಿದು ಈ ದ್ವೀಪವನ್ನು ಎಬ್ಬಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದರನ್ನು ಪ್ರವೇಶಿಸಿತು. ಬ್ರಿಸ್ಟೋ ಅವರ ಹೆಸರಿನ ರಸ್ತೆ ದ್ವೀಪದಲ್ಲಿ ಇಂದಿಗೂ ಇದೆ. ಆ ಹಡಗುಗಳಿಗೆ ಮೂಟೆ ಹೊತ್ತವರ ಹೆಸರಿನ ರಸ್ತೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕೆರೆ ಎಷ್ಟೇ ವಿಶಾಲವಾಗಿದ್ದರೂ ಗದ್ದೆಗೆ ನೀರು ಹರಿಯಬೇಕಾದದ್ದು ತೂಬಿನ ಮೂಲಕವೇ. ಮಲೆನಾಡಿನ ಕಾಫಿ, ಮೂನ್ನಾರಿನ ಚಹಾ, ಮೆಣಸು, ಗೋಡಂಬಿ ಎಲ್ಲಕ್ಕೂ ಈ ಬಂದರು ಒಂದು ತೂಬು. ಚಹಾದ ಹರಾಜು ಕೊಚ್ಚಿಯಲ್ಲಿ 1947ರಲ್ಲೇ ಆರಂಭವಾಯಿತು. ತೋಟದ ಒಡೆಯನಿಗೂ ದೂರದೇಶದ ಅಂಗಡಿಕಾರನಿಗೂ ನಡುವೆ, ತೂಬಿನ ಬಾಯಲ್ಲಿ ನಿಂತಿದ್ದವನು ಮಟ್ಟಾಂಚೇರಿಯ ಕೂಲಿಕಾರ. ಅವನು ಕೈಕಟ್ಟಿ ನಿಂತರೆ ಹಡಗು ನಿಂತಲ್ಲೇ ನಿಲ್ಲಬೇಕು; ನಿಂತ ಹಡಗಿಗೆ ದಿನದಿನವೂ ಖರ್ಚು. ಹಾಗಿದ್ದರೆ ಅವನು ಬಲಶಾಲಿಯಾಗಿರಬೇಕಿತ್ತಲ್ಲವೆ? ಆಗಿರಲಿಲ್ಲ. ಆಗದಂತೆ ಮಾಡಿದ್ದು ಒಂದು ಸಣ್ಣ ಲೋಹದ ಬಿಲ್ಲೆ.

ಆ ಬಿಲ್ಲೆಗೆ ಮಲಯಾಳದಲ್ಲಿ ‘ಚಾಪ್ಪ’ ಎಂದು ಹೆಸರು. ನಮ್ಮ ‘ಛಾಪು’ ಎಂಬ ಮಾತು ಕೇಳಿದವರಿಗೆ ಅದೇನೂ ಅಪರಿಚಿತವೆನಿಸದು. ಹಡಗಿನ ಸರಕು ಏರಿಳಿಸುವ ಗುತ್ತಿಗೆ ಸ್ಟೀವಡೋರ್‌ಗಳದು. ಅವರ ಪರವಾಗಿ ಆಳು ಹಿಡಿಯುವವನು ಮೂಪ್ಪ. ಬೆಳಗ್ಗೆ ನೂರಾರು ಮಂದಿ ನೆರೆದಿರುತ್ತಿದ್ದರು. ಮೂಪ್ಪ ಬಿಲ್ಲೆಗಳನ್ನು ಆ ಗುಂಪಿನ ಮೇಲೆ ಎಸೆಯುತ್ತಿದ್ದ. ಬಿಲ್ಲೆ ಸಿಕ್ಕವನಿಗೆ ಅಂದು ಕೆಲಸ, ಸಿಗದವನಿಗೆ ಉಪವಾಸ. ನೆರೆಮನೆಯವನನ್ನು ತಳ್ಳಿ, ತುಳಿದು, ನೆಲದಲ್ಲಿ ಹೊರಳಾಡಿ ಒಂದು ದಿನದ ಕೂಲಿಯನ್ನು ಗಿಟ್ಟಿಸಬೇಕಾಗಿತ್ತು. ದೇವಸ್ಥಾನದ ಮುಂದೆ ಕಾಸು ತೂರಿದರೆ ಮಕ್ಕಳು ಮುಗಿಬೀಳುವುದನ್ನು ಕಂಡಿದ್ದೇವೆ, ಇವರು ಮಕ್ಕಳೊಂದಿಗರು. ಇದರಲ್ಲಿ ಅವಮಾನಕ್ಕಿಂತಲೂ ಆಳವಾದ ಒಂದು ಲೆಕ್ಕಾಚಾರವಿತ್ತೆಂದೇ ನಮ್ಮ ಅಭಿಪ್ರಾಯ. ನಿನ್ನೆ ಎದುರು ಮಾತಾಡಿದವನಿಗೆ ಇಂದು ಬಿಲ್ಲೆಯಿಲ್ಲ. ಅವನ ಜಾಗಕ್ಕೆ ಅಲ್ಲೇ ಹತ್ತು ಜನ. ತೂಬಿನಲ್ಲಿ ನಿಂತವನನ್ನು ಪ್ರತಿ ಬೆಳಗೂ ಬದಲಿಸಬಹುದಾದರೆ ಅವನಿಗೆ ತೂಬು ಮುಚ್ಚುವ ಶಕ್ತಿ ಎಲ್ಲಿಂದ ಬರಬೇಕು?

ಇದು ಕೊಚ್ಚಿಯೊಂದರ ಪಾಡಲ್ಲ. ಲಂಡನ್ನಿನ ಬಂದರಿನಲ್ಲಿಯೂ ಗೇಟಿನ ಮುಂದೆ ಆಳುಗಳನ್ನು ಹೀಗೆಯೇ ಆರಿಸುತ್ತಿದ್ದರು. 1889ರಲ್ಲಿ ಗಂಟೆಗೆ ಆರು ಪೆನ್ಸ್ ಕೂಲಿಗಾಗಿ ಅವರು ಮುಷ್ಕರ ಹೂಡಿ ಗೆದ್ದರು. ಮುಂಬಯಿಯ ಡಾಕ್ ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೋ ನಮ್ಮ ಮಂಗಳೂರು ಕಡೆಯವರು. 1949ರಲ್ಲಿ ಮಂಗಳೂರಿನ ಹೋಟೆಲು ಮಾಣಿಗಳನ್ನು ಒಟ್ಟುಗೂಡಿಸಲು ಹೊರಟ ಜಾರ್ಜ್ ಫರ್ನಾಂಡಿಸ್ ಮುಂದೆ ಮುಂಬಯಿಗೆ ಹೋಗಿ ಪಳಗಿದ್ದು ಈ ಡಿಮೆಲ್ಲೋ ಅವರ ಗರಡಿಯಲ್ಲೇ.

ಕೊಚ್ಚಿಯಲ್ಲಿ ಕಿಡಿ ಹೊತ್ತಿದ್ದು 1953ರಲ್ಲಿ. ಆಗ ಕೊಚ್ಚಿ, ತಿರುವನಂತಪುರವನ್ನು ರಾಜಧಾನಿಯಾಗಿ ಹೊಂದಿದ್ದ ತಿರುವಾಂಕೂರು-ಕೊಚ್ಚಿ ರಾಜ್ಯಕ್ಕೆ ಸೇರಿತ್ತು. ಚಾಪ್ಪ ಹಂಚುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದೇ ಜಗಳದ ಬೇರು. ಕೂಲಿ ನಾಲ್ಕಾಣೆ ಹೆಚ್ಚಬೇಕೆಂಬುದಕ್ಕಿಂತ ಇದು ದೊಡ್ಡ ಮಾತು. ಬಿಲ್ಲೆ ಯಾರದೋ, ಬಂದರೂ ಅವರದು. ಮುಷ್ಕರ ವಾರಗಟ್ಟಲೆ ನಡೆಯಿತು. ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಸೈದು, ಸೈದಲವಿ ಎಂಬಿಬ್ಬರು ಗುಂಡಿಗೆ ಬಲಿಯಾದರು. ಆಂಟನಿ ಎಂಬಾತ ಪೊಲೀಸರ ಹೊಡೆತದಿಂದ ಆಮೇಲೆ ತೀರಿಕೊಂಡ. ಕಾರ್ಮಿಕ ಸಂಘಗಳಲ್ಲೇ ಪಕ್ಷಭೇದದ ಒಡಕಿತ್ತೆಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಎಸೆಯುವ ಕೈ ಮೂಪ್ಪನದಾಗಲಿ ಸಂಘದ್ದಾಗಲಿ, ಹೊರಳಾಡುವವನು ಹೊರಳಾಡಲೇಬೇಕಿತ್ತಲ್ಲ!

ಆ ಎಸೆತವನ್ನೇ ನಿಲ್ಲಿಸಿದ್ದು ಒಂದು ಪಟ್ಟಿ. ಡಾಕ್ ಕಾರ್ಮಿಕರ ಉದ್ಯೋಗವನ್ನು ಕ್ರಮಗೊಳಿಸುವ ಕೇಂದ್ರ ಕಾಯಿದೆ 1948ರಷ್ಟು ಹಿಂದೆಯೇ ಆಗಿತ್ತು. ಕೊಚ್ಚಿಗೆ ಅದರ ಯೋಜನೆ ಬಂದದ್ದು 1959ರಲ್ಲಿ. ಡಾಕ್ ಲೇಬರ್ ಬೋರ್ಡು ಹೆಸರುಗಳನ್ನು ನೋಂದಾಯಿಸಿತು, ಸರದಿಯ ಮೇಲೆ ಕೆಲಸ ಹಂಚಿತು. 1960ರ ದಶಕದ ಆದಿಭಾಗದಲ್ಲಿ ಚಾಪ್ಪ ಮರೆಯಾಯಿತು. ಹೆಸರು ಪಟ್ಟಿಗೇರಿದ ಮೇಲೆ ಅದೇ ಕೂಲಿಕಾರ ಬೇರೆ ಮನುಷ್ಯನಾದ. ಈಗ ಅವನು ಕೈಕಟ್ಟಿದರೆ ಅವನ ಜಾಗಕ್ಕೆ ಹೊರಗಿನವರನ್ನು ತರುವುದು ಸುಲಭವಾಗಿರಲಿಲ್ಲ.

ಆ ಬಲದ ದುರುಪಯೋಗವೂ ಕೇರಳದಲ್ಲಿ ಆಗದಿರಲಿಲ್ಲ. ಮನೆ ಬದಲಿಸುವಾಗ ನಮ್ಮ ಸಾಮಾನು ನಾವೇ ಇಳಿಸಿಕೊಂಡರೂ, ನೋಡುತ್ತ ನಿಂತವರಿಗೆ ‘ನೋಕ್ಕುಕೂಲಿ’ ಕೊಟ್ಟ ಅನುಭವ ನಮ್ಮಲ್ಲಿ ಹಲವರಿಗುಂಟು. ಸರಕಾರ ಅದನ್ನು 2018ರ ಮೇ 1ರಿಂದ ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಅಂದು ನಮ್ಮ ಮನೆಬಾಗಿಲಲ್ಲಿ ನಿಂತವರ ಅಜ್ಜಂದಿರು ಬಿಲ್ಲೆಗಾಗಿ ಹೊರಳಾಡಿದವರಿರಬಹುದು ಎಂಬ ಯೋಚನೆ ನಮಗೆ ಆಗ ಬಂದಿರಲಿಲ್ಲ.

ಈ ಬಲವನ್ನು ಮತ್ತೆ ಕುಗ್ಗಿಸಿದ್ದು ಪೊಲೀಸರಲ್ಲ, ಒಂದು ಕಬ್ಬಿಣದ ಪೆಟ್ಟಿಗೆ. 1973ರ ನವೆಂಬರಿನಲ್ಲಿ ‘ಪ್ರೆಸಿಡೆಂಟ್ ಟೈಲರ್’ ಎಂಬ ಹಡಗು ಕೊಚ್ಚಿಗೆ ಕಂಟೇನರು ತಂದಿತು. ಇಪ್ಪತ್ತಡಿ ಉದ್ದದ ಒಂದು ಪೆಟ್ಟಿಗೆಯಲ್ಲಿ 60 ಕಿಲೋದ ಸುಮಾರು 320 ಮೂಟೆ ಕಾಫಿ ಹಿಡಿಯುತ್ತದೆ. 320 ಸಲ ಬೆನ್ನು ಬಾಗಬೇಕಾದ ಕಡೆ ಕ್ರೇನು ಒಂದು ಸಲ ಬಾಗಿದರೆ ಸಾಕು. ಮೂಟೆ ತುಂಬುವ ಕೆಲಸ ಬಂದರನ್ನು ಬಿಟ್ಟು ದೂರದ ಗೋದಾಮುಗಳಿಗೆ ಹೋಯಿತು. 2011ರ ಫೆಬ್ರವರಿಯಲ್ಲಿ ವಲ್ಲಾರ್ಪಾಡಂ ಟರ್ಮಿನಲ್ ಉದ್ಘಾಟನೆಗೊಂಡಿತು. ಕಂಟೇನರುಗಳೂ ದ್ವೀಪ ಬಿಟ್ಟು ನೀರಿನಾಚೆಗೆ ಹೋದವು.

ತೂಬು ಹಾಗಾದರೆ ಈಗ ಎಲ್ಲಿದೆ? 2015ರ ಸೆಪ್ಟೆಂಬರಿನಲ್ಲಿ ಮೂನ್ನಾರಿನ ಚಹಾ ತೋಟದ ಹೆಂಗಸರು, ಶೇಕಡ 20ರ ಬೋನಸ್ಸಿಗಾಗಿ, ಸಂಘಗಳ ಮುಖಂಡರನ್ನು ದೂರವಿಟ್ಟು ತಾವೇ ಹೆದ್ದಾರಿಯಲ್ಲಿ ಕುಳಿತರು. ಚಹಾ ಕೊಚ್ಚಿಗೆ ಇಳಿಯುವ ದಾರಿಯೇ ಅದು. ಒಂಬತ್ತು ದಿನಗಳಲ್ಲಿ ಕೇಳಿದ್ದು ಸಿಕ್ಕಿತು. ವಲ್ಲಾರ್ಪಾಡಂನಲ್ಲಿಯೂ ಟ್ರೇಲರ್ ಲಾರಿಯವರು ಮುಷ್ಕರ ಹೂಡಿದ್ದುಂಟು. ಆಗ ಕ್ರೇನುಗಳು ಸಜ್ಜಾಗಿದ್ದವು, ಹಡಗೂ ಕಾದಿತ್ತು. ಪೆಟ್ಟಿಗೆಗಳು ಮಾತ್ರ ಗೇಟಿನ ಒಳಗೇ ಉಳಿದವು.