ವರ್ಡ್‌ಪ್ರೆಸ್ ಜಾಲತಾಣದ ನಿಧಾನಗತಿ: ಕಾರಣ ಪತ್ತೆ

ಬೇರೆಯವರು ಕಟ್ಟಿದ ವರ್ಡ್‌ಪ್ರೆಸ್ ಜಾಲತಾಣವನ್ನು ವಹಿಸಿಕೊಂಡವರು, ಅದರ ಪುಟಗಳು ತಡವಾಗಿ ತೆರೆದುಕೊಳ್ಳುವ ಕಾರಣವನ್ನು ಹಂತಹಂತವಾಗಿ ಕಂಡುಕೊಳ್ಳುವ ವಿಧಾನ. ವರ್ಡ್‌ಪ್ರೆಸ್ 2003ರಲ್ಲಿ ಬಿಡುಗಡೆಯಾದ, ಪಿಎಚ್‌ಪಿ ಭಾಷೆಯ ಮುಕ್ತ ತಂತ್ರಾಂಶ. ಬರಹ, ಸೆಟ್ಟಿಂಗ್‌ಗಳನ್ನೆಲ್ಲ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಇಡುತ್ತದೆ.

ಅಳತೆ: ಪೂರ್ಣ ಬ್ಯಾಕಪ್ ತೆಗೆದು, ಪ್ರಯೋಗಕ್ಕೆ ನಕಲು ತಾಣವೊಂದನ್ನು ಸಿದ್ಧಪಡಿಸಿದ ಮೇಲೆಯೇ ಪರೀಕ್ಷೆ ಆರಂಭ. ಮೊದಲ ಬೈಟ್ ಬರಲು 0.8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೊದಲು ಸರ್ವರ್ ಕಡೆ ನೋಡಬೇಕು. ಅದು ಬೇಗ ಬಂದೂ ಪುಟ ಮೂಡಲು ತಡವಾದರೆ ಭಾರದ ಚಿತ್ರಗಳನ್ನೂ ಸ್ಕ್ರಿಪ್ಟ್‌ಗಳನ್ನೂ ಪರಿಶೀಲಿಸಬೇಕು.

ಡೇಟಾಬೇಸ್: ಹಳೆಯ ತಾಣಗಳಲ್ಲಿ ಆಪ್ಷನ್ಸ್ ಕೋಷ್ಟಕ ಮುಖ್ಯ ಶಂಕಿತ. ತೆಗೆದುಹಾಕಿದ ಪ್ಲಗಿನ್‌ಗಳ ಸೆಟ್ಟಿಂಗ್‌ಗಳು ಎಷ್ಟೋ ಸಲ ಅಲ್ಲಿಯೇ ಉಳಿಯುತ್ತವೆ. ‘ಆಟೋಲೋಡ್’ ಗುರುತಿದ್ದರೆ ಪ್ರತಿ ಪುಟಕ್ಕೂ ಅವು ಮೆಮೊರಿಗೆ ಬರುತ್ತವೆ. ಇಂಥ ದತ್ತಾಂಶ 800 ಕಿಲೋಬೈಟ್ ದಾಟಿದರೆ, 2024ರ 6.6ನೇ ಆವೃತ್ತಿಯಿಂದ ‘ಸೈಟ್ ಹೆಲ್ತ್’ ವಿಭಾಗವೇ ಎಚ್ಚರಿಸುತ್ತದೆ.

ಪ್ಲಗಿನ್‌ಗಳು: ಯಾವ ಪ್ಲಗಿನ್ ಡೇಟಾಬೇಸಿಗೆ ಎಷ್ಟು ಸಲ ಹೋಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ‘ಕ್ವೆರಿ ಮಾನಿಟರ್’ ಎಂಬ ಪ್ಲಗಿನ್ ತೋರಿಸುತ್ತದೆ. ಶಂಕಿತ ಪ್ಲಗಿನ್‌ಗಳನ್ನು ನಕಲು ತಾಣದಲ್ಲಿ ಒಂದೊಂದಾಗಿ ನಿಲ್ಲಿಸಿ ಮತ್ತೆ ಅಳೆಯಬೇಕು.

ಪುಟಗಳ ಕ್ಯಾಶ್ ಕೊನೆಯ ಹೆಜ್ಜೆ. ಮೊದಲೇ ಹಾಕಿದರೆ ಮೂಲದೋಷ ಮರೆಯಾಗುತ್ತದೆ. ಮಾಡಿದ ಪ್ರತಿ ಬದಲಾವಣೆಯನ್ನೂ ಬರೆದಿಡುವುದು ಮುಂದೆ ತಾಣವನ್ನು ನೋಡಿಕೊಳ್ಳುವವರಿಗೆ ಸಲ್ಲಬೇಕಾದ ಕರ್ತವ್ಯ.