ಕಿಂಡಿಯ ಅಳತೆ, ಗುರಿಯ ಲೆಕ್ಕ

1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ನಡುವೆ ಗಡಿ ಬಂತು. ಆದರೆ ಇವತ್ತಿಗೂ ಉದಗೀರದ ಹುಡುಗನೂ ಬೀದರದ ಹುಡುಗನೂ ಕೇರಂ ಹಲಗೆಯ ಮುಂದೆ ಕೂತರೆ ಮಾತು ಬೇರೆ ಬೇಕಿಲ್ಲ. ಕಾಯಿ ಎನ್ನಿರಿ, ಸೋಂಗಟಿ ಎನ್ನಿರಿ, ಅದು ಬೀಳಬೇಕಾದದ್ದು ಮೂಲೆಯ ಕಿಂಡಿಗೆ. ಇದೇ ಲೆಕ್ಕದ ಇನ್ನೊಂದು ಆಟದ ಕಥೆಯನ್ನು ಇಂದು ಹೇಳುತ್ತೇವೆ.

ಹಸಿರು ಬಟ್ಟೆಯ ಮೇಜು, ಉದ್ದನೆಯ ಕೋಲು, ಆರು ಕಿಂಡಿ. ಇದು ಪೂಲ್. 1875ರಲ್ಲಿ ಜಬಲಪುರದ ಬ್ರಿಟಿಷ್ ಸೈನಿಕ ಅಧಿಕಾರಿ ನೆವಿಲ್ ಚೇಂಬರ್ಲೇನ್, ಅಂದಿನ ಪೂಲ್ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದರು. ಅದೇ ಸ್ನೂಕರ್ ಆಯಿತು. ಮುಂದೆ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು. ಆಟ ಹುಟ್ಟಿದ್ದು ನಮ್ಮ ನೆಲದಲ್ಲಿ, ಆದರೆ 12 ಅಡಿ ಉದ್ದದ, ಕಲ್ಲುಹಾಸಿನ ಆ ಮೇಜು ಬಹುಕಾಲ ಸಾಹೇಬರ ಕೋಣೆಯಲ್ಲೇ ಉಳಿಯಿತು.

ಆ ಬಾಗಿಲನ್ನು ದಾಟಿ ಬಂದವರಲ್ಲಿ ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ ಒಬ್ಬರು. 1958ರಲ್ಲಿ ಕಲಕತ್ತೆಯಲ್ಲಿ ಅವರು ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಪುಣೆಯಲ್ಲೇ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ, ಅರವಿಂದ ಸವೂರ್ ಅವರ ಬಳಿ ಕಲಿತು, 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗಳಿಸಿದರು.

ಇನ್ನು ಅಳತೆಗೆ ಬರೋಣ. ಪೂಲ್ ಚೆಂಡಿನ ಅಗಲ 57 ಮಿಲಿಮೀಟರ್. ಮೂಲೆಯ ಕಿಂಡಿಯ ಬಾಯಿ ಸುಮಾರು 114, ಅಂದರೆ ಎರಡು ಚೆಂಡಿನಷ್ಟು. ಮೇಜಿನ ಉದ್ದಬದಿಯ ನಡುವಿನ ಕಿಂಡಿ 127. ಹಾಗಾದರೆ ನಡುವಿನದೇ ಸುಲಭವೇ? ಇಲ್ಲ. ಎದುರು ನಿಂತು ನೋಡಿದರೆ ಮಾತ್ರ ಅದು 127. 45 ಡಿಗ್ರಿ ಓರೆಯಾದರೆ 90ರಷ್ಟೇ ಕಾಣುತ್ತದೆ, 60 ಡಿಗ್ರಿಗೆ 64. ಅರ್ಧ ತೆರೆದ ಬಾಗಿಲನ್ನು ಪಕ್ಕದಿಂದ ನೋಡಿದ ಹಾಗೆ. ಆದ್ದರಿಂದ ಓರೆ ಹೊಡೆತದಲ್ಲಿ ಕಿಂಡಿಯ ನಡುವನ್ನಲ್ಲ, ಹತ್ತಿರದ ತುಟಿ ತಾಗದಂತೆ ಆಚೆಯ ದವಡೆಯ ಕಡೆಗೆ ಗುರಿ ಇಡಬೇಕು.

ಗುರಿ ಹಿಡಿಯುವುದು ಹೇಗೆ? ಕಿಂಡಿಯಿಂದ ಚೆಂಡಿನ ನಡುವಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದನ್ನು ಹಿಂದಕ್ಕೆ ಬೆಳೆಸಿ. ಚೆಂಡಿನ ಬೆನ್ನಿಗೆ ತಾಗಿಕೊಂಡು, ಅದೇ ಗೆರೆಯ ಮೇಲೆ ಇನ್ನೊಂದು ಚೆಂಡು ಕೂತಿದೆ ಎಂದು ಭಾವಿಸಿ. ನಿಮ್ಮ ಬಿಳಿ ಚೆಂಡು ಹೋಗಿ ನಿಲ್ಲಬೇಕಾದ ಜಾಗ ಅದೇ.

ಇದನ್ನು ಕೇಳಿ ನಮ್ಮ ಕಟ್ಟೆಯ ಹುಡುಗರು ನಗಬಹುದು. ಏಕೆಂದರೆ ಕೇರಂನಲ್ಲಿ ಅವರು ದಿನವೂ ಮಾಡುವುದು ಇದನ್ನೇ. 1988ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೇರಂ ಒಕ್ಕೂಟದ ನಿಯಮದಂತೆ ಕಿಂಡಿ 44.5 ಮಿಲಿಮೀಟರ್, ಕಾಯಿ ಸುಮಾರು 31, ಸ್ಟ್ರೈಕರ್ 41ರಷ್ಟು. ಸ್ಟ್ರೈಕರ್ ಬಿದ್ದರೆ ತಪ್ಪು. ಪೂಲ್‌ನಲ್ಲಿ ಬಿಳಿ ಚೆಂಡು ಬಿದ್ದರೂ ತಪ್ಪೇ.

ಕ್ಲಬ್ಬಿನ ಮೇಜು ನಮ್ಮ ಅಜ್ಜಂದಿರಿಗೆ ಸಿಗಲಿಲ್ಲ. ಆದರೆ ಅದಕ್ಕೆ ಬೇಕಾದ ಕಣ್ಣು ಬೋರಿಕ್ ಪುಡಿ ಸವರಿದ ಹಲಗೆಯ ಮೇಲೆ ಮನೆಮನೆಯಲ್ಲಿ ಪಳಗಿದೆ. ನಿಮ್ಮೂರ ಹುಡುಗ ನಾಳೆ ಪಟ್ಟಣದಲ್ಲಿ ಆ ಮೇಜಿನ ಮುಂದೆ ನಿಂತರೆ ಅಳುಕಬೇಕಿಲ್ಲ. ಅವನಿಗೆ ಕಲಿಯಲು ಉಳಿದಿರುವುದು ಕೋಲು ಹಿಡಿಯುವುದೊಂದೇ.